ಹೆಲ್ಮೆಟ್ಟು ತೊಟ್ಟ ಕೂಸಿನ ತಲೆ

ಎಳೆಗೂಸಿನ ತಲೆಗೆ ಕುಲಾವಿ ತೊಡಿಸುವುದು ನಮಗೆ ಹೊಸದಲ್ಲ. ಗಾಳಿ ತಗಲಬಾರದು, ನೆತ್ತಿ ತಣ್ಣಗಾಗಬಾರದು ಎಂದು ಮೆತ್ತನೆಯ ಬಟ್ಟೆಯ ಕುಲಾವಿಯನ್ನು ತೊಡಿಸಿ ಗಲ್ಲದ ಕೆಳಗೆ ದಾರ ಕಟ್ಟುವುದನ್ನು ನಾವೆಲ್ಲ ಕಂಡವರೇ. ಆದರೆ ಅಮೆರಿಕದಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆಂದು ಹೋಗುವ ನಮ್ಮ ಹಿರಿಯ ಹೆಣ್ಣುಮಕ್ಕಳು ಅಲ್ಲಿ ಬೇರೊಂದು ಬಗೆಯ ಟೋಪಿಯನ್ನು ನೋಡಿ ಗಾಬರಿಗೊಳ್ಳುತ್ತಾರೆ. ಹೊರಗೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಫೋಮಿನ ಪದರ, ಪಕ್ಕದಲ್ಲಿ ಬಿಗಿಯುವ ಪಟ್ಟಿ. ಐದಾರು ತಿಂಗಳ ಕೂಸು ಇದನ್ನು ದಿನಕ್ಕೆ 23 ಗಂಟೆ ತೊಟ್ಟಿರಬೇಕು. ಮಲಗಿದಾಗಲೂ, ಹಾಲು ಕುಡಿಯುವಾಗಲೂ. ಚಪ್ಪಟೆಯಾದ ತಲೆಯನ್ನು ದುಂಡಗೆ ಮಾಡುವ ಸಾಧನ ಇದು. ಇದರ ಅಡಿಯಲ್ಲಿ ಏಳುವ ಗಂಧೆ, ಗುಳ್ಳೆ, ಕೆಂಪುಗಳನ್ನು ಕುರಿತು ಚರ್ಮವೈದ್ಯನಾದ ನನ್ನನ್ನು ಕೇಳುವವರು ಹೆಚ್ಚುತ್ತಿದ್ದಾರೆ. ಕೇಳುವವರಲ್ಲಿ ತಾಯಂದಿರಿಗಿಂತ ಅಜ್ಜಿಯರೇ ಹೆಚ್ಚು. ಆದುದರಿಂದ ಇಂದಿನ ಮಾತು ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು.

ಮೊದಲು, ತಲೆ ಚಪ್ಪಟೆಯಾಗುವುದು ಏಕೆ? ಕೂಸಿನ ತಲೆಯೋಡಿನ ಎಲುಬುಗಳು ಮೆತ್ತಗಿರುತ್ತವೆ. ಅವುಗಳ ನಡುವಣ ಹೊಲಿಗೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಒಂದೇ ಮಗ್ಗುಲಿಗೆ ಬಹುಕಾಲ ಮಲಗಿದರೆ ಆ ಭಾಗ ತಗ್ಗುತ್ತದೆ. ಹಿಂದೆ ಪಶ್ಚಿಮ ದೇಶಗಳಲ್ಲಿ ಕೂಸುಗಳನ್ನು ಬೋರಲು ಮಲಗಿಸುವ ರೂಢಿಯಿತ್ತು. ಹಾಗೆ ಮಲಗಿದ ಕೂಸುಗಳಲ್ಲಿ ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಅಪಾಯ ಹೆಚ್ಚೆಂದು ತಿಳಿದುಬಂದಾಗ, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಬೋರಲು ಮಲಗಿಸಬೇಡಿ ಎಂದು ಸೂಚಿಸಿತು; 1994ರಲ್ಲಿ ಅಂಗಾತ ಮಲಗಿಸಿರೆಂಬ ಪ್ರಚಾರ ದೇಶವ್ಯಾಪಿಯಾಗಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಜೊತೆಗೆ ಹಿಂದಲೆ ಚಪ್ಪಟೆಯಾದ ಕೂಸುಗಳ ಸಂಖ್ಯೆ ಏರಿತು. ಪ್ರಾಣ ಉಳಿದುದರ ಮುಂದೆ ಇದೇನೂ ದೊಡ್ಡ ಬೆಲೆಯಲ್ಲ. ಮೊಮ್ಮಗುವಿನ ತಲೆ ದುಂಡಗಾಗಲೆಂದು ಅದನ್ನು ಮತ್ತೆ ಬೋರಲು ಮಲಗಿಸುವ ಯೋಚನೆಯನ್ನು ಯಾರೂ ಮಾಡಬಾರದು. ನಮ್ಮ ಸಾಸಿವೆ ತುಂಬಿದ ದಿಂಬಿಗೂ ಇಂದಿನ ಮಕ್ಕಳ ವೈದ್ಯರ ಒಪ್ಪಿಗೆಯಿಲ್ಲ. ಒಂದು ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ಯಾವ ದಿಂಬೂ ಇರಕೂಡದೆಂಬುದು ಅವರ ಮಾತು. ಎಚ್ಚರವಿರುವಾಗ ಎದುರಿಗೇ ಕುಳಿತು ಹೊಟ್ಟೆಯ ಮೇಲೆ ಆಡಿಸುವುದು, ಮಲಗಿಸುವಾಗ ತಲೆಯ ದಿಕ್ಕನ್ನು ಬದಲಿಸುತ್ತಿರುವುದು, ಇಷ್ಟರಿಂದಲೇ ಬಹಳಷ್ಟು ಕೂಸುಗಳ ತಲೆ ಸರಿಹೋಗುತ್ತದೆ. ಹಾಗೆ ಸರಿಹೋಗದೆ ಉಳಿದವರ ಪಾಲಿಗೆ ಹೆಲ್ಮೆಟ್ಟು.

ಅದು ತಲೆಯನ್ನು ಹಿಚುಕುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇದ್ದ ತಲೆಯ ಸುತ್ತಳತೆ ವರ್ಷ ತುಂಬುವ ಹೊತ್ತಿಗೆ ಸುಮಾರು 46 ಆಗುತ್ತದೆ. ಉಬ್ಬಿದ ಕಡೆ ಹೆಲ್ಮೆಟ್ಟು ತಲೆಗೆ ತಾಗಿಕೊಂಡಿರುತ್ತದೆ, ತಗ್ಗಾದ ಕಡೆ ಜಾಗ ಬಿಟ್ಟಿರುತ್ತದೆ. ಬೆಳೆಯುವ ತಲೆ ಜಾಗ ಸಿಕ್ಕಿದ ಕಡೆಗೆ ಬೆಳೆಯುತ್ತದೆ. 1979ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸ್ಟರ್ಲಿಂಗ್ ಕ್ಲಾರೆನ್ ಮತ್ತು ಅವರ ಸಂಗಡಿಗರು ಈ ಚಿಕಿತ್ಸೆಯನ್ನು ವೈದ್ಯಪತ್ರಿಕೆಯೊಂದರಲ್ಲಿ ವಿವರಿಸಿದರು. 1998ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತ ಇಂಥ ಸಾಧನಗಳನ್ನು ತನ್ನ ನಿಯಮಗಳ ಅಡಿಗೆ ತಂದಿತು. ತಾಗಿಕೊಂಡಿರುವುದೇ ಇದರ ಕೆಲಸವಾದುದರಿಂದ ಚರ್ಮದ ತೊಂದರೆಯೂ ಇದರ ಜೊತೆಯಲ್ಲೇ ಹುಟ್ಟಿದ್ದು.

ಎಳೆಯ ಕೂಸಿನ ಮೈಯ ಒಟ್ಟು ಚರ್ಮದಲ್ಲಿ ತಲೆಯ ಪಾಲು ಹೆಚ್ಚುಕಡಿಮೆ ಐದರಲ್ಲೊಂದು. ನಮ್ಮಲ್ಲಿ ಅದರ ಅರ್ಧವೂ ಇಲ್ಲ. ಅಂದರೆ ಮೈಯ ಕಾವು ಹೊರಹೋಗುವ ದೊಡ್ಡ ಬಾಗಿಲೇ ಅದಕ್ಕೆ ತಲೆ. ಆ ಬಾಗಿಲಿಗೆ ಫೋಮನ್ನು ಒತ್ತಿ ಮುಚ್ಚಿದರೆ ಬೆವರು ಸುರಿಯದೆ ಇದ್ದೀತೆ? ಆ ಫೋಮು ಸ್ಪಂಜಿನಂತೆ ನೀರು ಹೀರುವ ಜಾತಿಯದೂ ಅಲ್ಲ. ಬೆವರು ಅಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಬಹಳ ಹೊತ್ತು ಕೈಯಿಟ್ಟಾಗ ಬೆರಳು ಸುಕ್ಕುಗಟ್ಟುವಂತೆ ಚರ್ಮದ ಮೇಲ್ಪದರ ನೆನೆದು ಮೆತ್ತಗಾಗುತ್ತದೆ. ಹಾಗೆ ನೆನೆದ ಚರ್ಮ ತಿಕ್ಕಾಟವನ್ನು ತಾಳದು. ಮೊದಲ ಒಂದೆರಡು ವಾರ ಬೆವರು ವಿಪರೀತ. ಆಮೇಲೆ ಮೈ ಹೊಂದಿಕೊಂಡು ಅಷ್ಟಿಷ್ಟು ಕಡಿಮೆಯಾಗುತ್ತದೆ. ಮೊದಲ ದಿನವೇ 23 ಗಂಟೆ ತೊಡಿಸದೆ ಮೆಲ್ಲನೆ ಹೊತ್ತನ್ನು ಏರಿಸುತ್ತ ಹೋಗುವುದು ಇದೇ ಕಾರಣಕ್ಕೆ.

ಈಗ ಹೆಲ್ಮೆಟ್ಟು ತೆಗೆದಾಗ ಕಾಣುವ ಕೆಂಪಿನ ವಿಚಾರ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಕಾಲುಚೀಲ ಕಳಚಿದಾಗ ಮೊಣಕಾಲ ಕೆಳಗೆ ಅದರ ಗುರುತು ಮೂಡಿರುತ್ತದೆ, ಸ್ವಲ್ಪ ಹೊತ್ತಿಗೆ ಅಳಿಯುತ್ತದೆ. ಅದನ್ನು ನಾವು ರೋಗವೆನ್ನುವುದಿಲ್ಲ. ಹಾಗೆಯೇ ಹೆಲ್ಮೆಟ್ಟು ತಾಗುವ ಹಣೆ, ಕಿವಿಯ ಹಿಂಭಾಗ, ಹಿಂದಲೆಗಳಲ್ಲಿ ಕೆಂಪು ಮೂಡುವುದು ಸಹಜ. ನೋಡಬೇಕಾದದ್ದು ಗಡಿಯಾರವನ್ನು. ಒಂದು ಗಂಟೆಯೊಳಗೆ ಮಾಸಿದರೆ ಚಿಂತೆಯಿಲ್ಲ. ಗಂಟೆ ಕಳೆದರೂ ಮಾಸದೆ ನಿಂತರೆ ಅಲ್ಲಿ ಒತ್ತಡ ಅತಿಯಾಗಿದೆಯೆಂದು ಅರ್ಥ. ತಲೆ ಬೆಳೆದಿದೆ, ಹೆಲ್ಮೆಟ್ಟು ಬೆಳೆದಿಲ್ಲ. ಅದನ್ನು ಮತ್ತೆ ತೊಡಿಸದೆ, ಮಾಡಿಕೊಟ್ಟವರಲ್ಲಿಗೆ ಒಯ್ದು ಒಳಗಿನ ಫೋಮನ್ನು ಅಷ್ಟು ಕೆತ್ತಿಸಬೇಕು. ಇದಕ್ಕೆ ಯಾವ ಮುಲಾಮೂ ಉತ್ತರವಲ್ಲ.

ಇಲ್ಲಿ ನಮ್ಮವರಿಗೆ ಒಂದು ತೊಡಕುಂಟು. ಅಲ್ಲಿಯ ಕೈಪಿಡಿಗಳಲ್ಲಿ ಕೆಂಪು ಎಂದು ಬರೆದಿರುತ್ತದೆ. ಬಿಳಿಯ ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನಮ್ಮ ಕೂಸುಗಳ ಕಂದು, ಎಣ್ಣೆಗಪ್ಪು ಚರ್ಮದಲ್ಲಿ ಅದು ಕೆಂಪಾಗಿ ಕಾಣದೆ ಸುತ್ತಲಿಗಿಂತ ಕಪ್ಪಾಗಿಯೋ ನೇರಳೆಯ ಛಾಯೆಯಲ್ಲಿಯೋ ಕಾಣಬಹುದು, ಕಾಣದೆಯೂ ಹೋಗಬಹುದು. ಆದುದರಿಂದ ಹಗಲಿನ ಬೆಳಕಿನಲ್ಲಿ ಕಿಟಕಿಯ ಬಳಿ ನೋಡಬೇಕು, ಕೈಯಿಂದಲೂ ನೋಡಬೇಕು. ಬೆರಳುಗಳ ಹಿಂಬದಿಯಿಂದ ಮುಟ್ಟಿದಾಗ ಒಂದು ಜಾಗ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ, ಮುಟ್ಟಿದೊಡನೆ ಕೂಸು ಮುಖ ಸಿಂಡರಿಸಿದರೆ ಅದನ್ನು ಮಾಸದ ಕೆಂಪೆಂದೇ ಎಣಿಸಬೇಕು.

ಎರಡನೆಯದು ಬೆವರುಸಾಲೆ. ಸೂಜಿಯ ಮೊನೆಯಂಥ ಸಣ್ಣ ಗುಳ್ಳೆಗಳು ಗುಂಪು ಗುಂಪಾಗಿ, ಬೆವರು ಹೆಚ್ಚು ನಿಲ್ಲುವ ಕಡೆ ಏಳುತ್ತವೆ. ಅಲ್ಲಿ ಬೆವರಿನ ನಾಳಗಳ ಬಾಯಿ ಕಟ್ಟಿಕೊಂಡಿರುತ್ತದೆ. ಇದರ ಮದ್ದು ತಂಪು. ಕೋಣೆಯ ಕಾವು ಇಳಿಸಿ, ಮೈಮೇಲಿನ ಬಟ್ಟೆಯಲ್ಲಿ ಒಂದು ಪದರ ಕಡಿಮೆ ಮಾಡಿದರೆ ತಲೆಯ ಬೆವರೂ ಇಳಿಯುತ್ತದೆ. ಟೆಕ್ಸಾಸಿನ ಬೇಸಿಗೆಗೆ ಮಾತ್ರ ಇದು ಅನ್ವಯಿಸುತ್ತದೆಂದು ತಿಳಿಯಬೇಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಉಣ್ಣೆಯ ಅಂಗಿ, ಮೇಲೊಂದು ಕಂಬಳಿ ಹೊದಿಸಿದ ಕೂಸು ಇನ್ನೂ ಹೆಚ್ಚು ಬೆವರುತ್ತದೆ. ಮೂರು ತಲೆಮಾರಿನಿಂದ ಕೂಸಿಗೆ ಶೀತವಾದೀತೆಂದು ಹೆದರಿದವರಿಗೆ ಬಟ್ಟೆ ಕಳಚಿ ಎಂದು ಹೇಳುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳದಿ ಬಣ್ಣದ ಜಿಡ್ಡು ಜಿಡ್ಡಾದ ಹೊಟ್ಟು ಹೆಲ್ಮೆಟ್ಟಿಲ್ಲದ ಕೂಸಿನಲ್ಲೂ ಬರುತ್ತದೆ, ಅದು ಅಪಾಯದ್ದಲ್ಲ. ಫೋಮು ಅಥವಾ ತೊಳೆಯುವ ದ್ರವ ಮೈಗೆ ಒಗ್ಗದಿದ್ದರೆ ಅದು ತಾಗಿದಷ್ಟೂ ಜಾಗ ಕೆರಳುತ್ತದೆ. ಮಡಿಕೆಗಳಲ್ಲಿ ಗಾಢವಾಗಿ ಕೆಂಪಾಗಿ, ಅಂಚಿನಾಚೆ ಚಿಕ್ಕ ಚಿಕ್ಕ ಗುಳ್ಳೆಗಳು ಚೆಲ್ಲಿದಂತಿದ್ದರೆ ಬೂಷ್ಟಿನ ಸೋಂಕು ಇರಬಹುದು. ಕೀವು, ಜೇನಿನ ಬಣ್ಣದ ಹಕ್ಕಳೆ, ಒಡೆದ ಚರ್ಮ, ಇವು ಕಂಡರೆ ಹೆಲ್ಮೆಟ್ಟು ಕಳಚಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಜ್ವರ ಬಂದಾಗಲೂ ಕಳಚಬೇಕು. ಕಾವು ಹೊರಹೋಗುವ ಬಾಗಿಲನ್ನು ಜ್ವರದಲ್ಲಿ ಮುಚ್ಚಿಡಬಾರದು.

ಇನ್ನು ಎಣ್ಣೆ, ಪೌಡರು, ಮುಲಾಮುಗಳ ಮಾತು. ದಾವಣಗೆರೆಯ ಹಿರಿಯರೊಬ್ಬರು ಡಾಲಸ್ಸಿನಲ್ಲಿರುವ ಮಗಳ ಮನೆಯಿಂದ ಕೂಸಿನ ಹಣೆಯ ಚಿತ್ರ ಕಳುಹಿಸಿ, "ಡಾಕ್ಟ್ರೇ, ನೆತ್ತಿಗೆ ಒಂದು ಬೊಟ್ಟು ಹರಳೆಣ್ಣೆ ಹಾಕಬೇಡಿ ಅಂತಾರಲ್ಲ ಇಲ್ಲಿ, ಎಣ್ಣೆ ಕಾಣದ ತಲೆ ಒಣಗಿ ಹೋಗಲ್ವೇ?" ಎಂದು ಕೇಳಿದರು. "ಅಮ್ಮಾ, ಒಣಗಲಿ ಅಂತಲೇ ನಾವು ಇಷ್ಟೆಲ್ಲ ಪಾಡು ಪಡ್ತಿರೋದು" ಎಂದೆ. ಅವರು ನಕ್ಕರು, ಆದರೆ ಒಪ್ಪಿದರೆಂದು ಹೇಳಲಾರೆ. ಕಾರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಬಯಲಿನಲ್ಲಿರುವ ಚರ್ಮಕ್ಕೆ ಹಚ್ಚಿದ ಎಣ್ಣೆ ಬೇರೆ, ಮುಚ್ಚಳದ ಕೆಳಗಿನ ಎಣ್ಣೆ ಬೇರೆ. ಹೆಲ್ಮೆಟ್ಟಿನ ಅಡಿಯಲ್ಲಿ ಅದು ಬೆವರನ್ನು ಆರಗೊಡುವುದಿಲ್ಲ, ನಾಳಗಳ ಬಾಯಿ ಕಟ್ಟುತ್ತದೆ, ಫೋಮಿಗೆ ಹತ್ತಿ ಮುಗ್ಗಲು ನಾತ ಹಿಡಿಸುತ್ತದೆ. ಪೌಡರು ಬೆವರಿನಲ್ಲಿ ಕಲಸಿ ಉಂಡೆಗಟ್ಟಿ ಮರಳಿನಂತೆ ತಿಕ್ಕುತ್ತದೆ. ಅದರ ಧೂಳು ಕೂಸಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ದೃಷ್ಟಿಯಾಗದಿರಲೆಂದು ಹಣೆಗೆ ಇಡುವ ಕಾಡಿಗೆಯ ಬೊಟ್ಟು ಹೆಲ್ಮೆಟ್ಟಿನ ಅಂಚಿಗೆ ಸಿಕ್ಕಿ ಹರಡುತ್ತದೆ. ಅದು ಕೆನ್ನೆಗೋ ಅಂಗಾಲಿಗೋ ಹೋಗಲಿ.

ನನ್ನ ನಿಜವಾದ ಭಯ ಇವುಗಳದಲ್ಲ, ಊರಿನಿಂದ ಪೆಟ್ಟಿಗೆಯಲ್ಲಿ ಹೋಗುವ ಸಣ್ಣ ಟ್ಯೂಬುಗಳದು. ನಮ್ಮ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ, ಎಲ್ಲ ಕಡಿತಕ್ಕೂ ಒಂದೇ ಎಂದು ಹೆಸರಾದ ಮುಲಾಮುಗಳಲ್ಲಿ ಹಲವು ಬಲವಾದ ಸ್ಟೀರಾಯ್ಡನ್ನು ಬೇರೆ ಔಷಧಗಳೊಡನೆ ಬೆರೆಸಿದವು. ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ, ಆದುದರಿಂದ ಅವುಗಳ ಮೇಲೆ ಎಲ್ಲರಿಗೂ ನಂಬಿಕೆ. ಆದರೆ ಎಳೆಯ ಚರ್ಮ ತೆಳುವು. ಮೇಲೆ ಮುಚ್ಚಿದಾಗ ಔಷಧ ಒಳಗಿಳಿಯುವ ಪ್ರಮಾಣ ಹಲವು ಪಟ್ಟು ಏರುತ್ತದೆ. ಚರ್ಮ ಸವೆಯುತ್ತದೆ, ಬೂಷ್ಟಿನ ಸೋಂಕು ಮರೆಯಲ್ಲೇ ಹಬ್ಬುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹೆಲ್ಮೆಟ್ಟು ಬಿಗಿಯಾಗಿದೆಯೆಂದು ಸಾರುತ್ತಿದ್ದ ಕೆಂಪನ್ನು ಅದು ಅಳಿಸಿಬಿಡುತ್ತದೆ. ಒತ್ತಡ ಮಾತ್ರ ಹಾಗೆಯೇ ಉಳಿಯುತ್ತದೆ. ಮುಲಾಮು ಬೇಕೇ ಬೇಕೆಂದು ಕೂಸನ್ನು ನೋಡಿದ ವೈದ್ಯರು ಹೇಳಿದಲ್ಲಿ, ಹೆಲ್ಮೆಟ್ಟಿಲ್ಲದ ಹೊತ್ತಿನಲ್ಲಿ ತೆಳ್ಳಗೆ ಹಚ್ಚಿ, ಅದು ಪೂರ್ತಿ ಇಂಗಿದ ಮೇಲೆಯೇ ಮತ್ತೆ ತೊಡಿಸಬೇಕು.

ದಿನದಲ್ಲಿ ಬಿಡುವು ಸಿಗುವ ಆ ಒಂದು ಗಂಟೆಯೇ ಎಲ್ಲಕ್ಕೂ ಆಧಾರ. ಹೆಲ್ಮೆಟ್ಟು ತೆಗೆದೊಡನೆ ಚರ್ಮವನ್ನು ನೋಡುವುದು, ಗಡಿಯಾರ ನೋಡುವುದು. ಮೃದುವಾದ ಸೋಪಿನಿಂದ ತಲೆ ತೊಳೆದು, ಸೋಪಿನ ಅಂಶ ಉಳಿಯದಂತೆ ನೀರೆರೆದು ಒರಸುವುದು. ಕೂದಲ ಬುಡ, ಕಿವಿಯ ಹಿಂದಿನ ಮಡಿಕೆ, ಕತ್ತಿನ ಗೆರೆಗಳು ಒದ್ದೆಯಾಗಿಯೇ ಉಳಿಯುತ್ತವೆ. ಅವನ್ನು ತಿಕ್ಕದೆ ಒತ್ತಿ ಒರಸಬೇಕು. ನಮ್ಮವರು ಎರೆದ ಮೇಲೆ ಸಾಮ್ರಾಣಿ ಹೊಗೆ ಹಾಕಿ ತಲೆ ಆರಿಸುತ್ತಿದ್ದರು. ಹೊಗೆ ಬೇಡ, ಅದು ಎದೆಗೆ ಕೆಟ್ಟದ್ದು. ಆದರೆ ಕೂದಲ ಬುಡ ಆರುವ ತನಕ ಕೂಸನ್ನು ಮಡಿಲಿನಿಂದ ಇಳಿಸದ ಆ ತಾಳ್ಮೆ ಬೇಕು. ಅದೇ ಹೊತ್ತಿನಲ್ಲಿ ಮನೆಯ ಇನ್ನೊಬ್ಬರು ಹೆಲ್ಮೆಟ್ಟಿನ ಒಳಗನ್ನು ಶುಚಿಮಾಡಬೇಕು. ಮಾಡಿಕೊಟ್ಟವರು ಸ್ಪಿರಿಟ್ಟು ಹೇಳಿದ್ದರೆ ಸ್ಪಿರಿಟ್ಟು, ಕೂಸಿನ ಶಾಂಪೂ ಹೇಳಿದ್ದರೆ ಶಾಂಪೂ. ಸ್ಪಿರಿಟ್ಟು ಆರುವ ಮೊದಲೇ ತೊಡಿಸಿದರೆ ಅದೇ ಚರ್ಮವನ್ನು ಸುಡುತ್ತದೆ; ಫ್ಯಾನಿನ ಕೆಳಗೆ ಬೋರಲಿಟ್ಟು ವಾಸನೆ ಹೋಗುವ ತನಕ ಕಾಯಬೇಕು. ಬಿಸಿಲಿನಲ್ಲಿ, ಕಾರಿನೊಳಗೆ, ಒಲೆಯ ಬಳಿ ಇಟ್ಟರೆ ಪ್ಲಾಸ್ಟಿಕ್ಕು ಡೊಂಕಾಗುತ್ತದೆ. ಉಳಿದ ಹೊತ್ತಿನಲ್ಲೂ ಬಹಳ ಬೆವರಿದರೆ ಒಂದೆರಡು ನಿಮಿಷ ತೆಗೆದು ತಲೆಯನ್ನೂ ಒಳಗನ್ನೂ ಒರಸಿ ತೊಡಿಸುವುದರಲ್ಲಿ ತಪ್ಪಿಲ್ಲ.

ಗಂಧೆಯಿಂದಾಗಿ ಎರಡು ಮೂರು ದಿನ ಹೆಲ್ಮೆಟ್ಟು ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದೆಂಬ ಆತಂಕ ತಾಯಂದಿರಿಗೆ ಇರುತ್ತದೆ; ಸಾವಿರಾರು ಡಾಲರು ತೆತ್ತ ತಂದೆಗಂತೂ ಇನ್ನಷ್ಟು. ಅವರು ಒಂದು ಅಧ್ಯಯನವನ್ನು ತಿಳಿದಿರುವುದು ಒಳ್ಳೆಯದು. 2014ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ 84 ಕೂಸುಗಳಿದ್ದವು. ಅರ್ಧದಷ್ಟಕ್ಕೆ ಹೆಲ್ಮೆಟ್ಟು ತೊಡಿಸಿ, ಉಳಿದವನ್ನು ಹಾಗೆಯೇ ಬೆಳೆಯಬಿಟ್ಟರು. ಎರಡು ವರ್ಷ ತುಂಬಿದಾಗ ಅಳೆದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಲ್ಮೆಟ್ಟು ತೊಟ್ಟ ಗುಂಪಿನಲ್ಲಿ ನೂರಕ್ಕೆ 96ರಷ್ಟು ಹೆತ್ತವರು ಚರ್ಮದ ಕೆರಳಿಕೆಯನ್ನು ಹೇಳಿದರು; ಕೂಸನ್ನು ಎದೆಗವಚಿಕೊಳ್ಳಲು ಅಡ್ಡಿಯಾಯಿತೆಂದವರು 77ರಷ್ಟು. ಅತಿ ತೀವ್ರವಾಗಿ ಚಪ್ಪಟೆಯಾದ ತಲೆಗಳನ್ನು ಅವರು ಸೇರಿಸಿಕೊಂಡಿರಲಿಲ್ಲ. ಹೆಲ್ಮೆಟ್ಟುಗಳು ಸರಿಯಾಗಿ ಕೂರುತ್ತಿರಲಿಲ್ಲವೆಂಬ ಆಕ್ಷೇಪವೂ ಬಂದಿತು. 2016ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಕಾಂಗ್ರೆಸ್ಸು, ಬೇರೆ ಉಪಾಯಗಳಿಂದ ಸರಿಹೋಗದೆ ಉಳಿದ ಮಧ್ಯಮ ಮತ್ತು ತೀವ್ರ ಪ್ರಮಾಣದ ಚಪ್ಪಟೆತನಕ್ಕೆ ಹೆಲ್ಮೆಟ್ಟನ್ನು ಶಿಫಾರಸು ಮಾಡಿತು. ಹೀಗೆ ಬಲ್ಲವರಲ್ಲೇ ವಾದವಿರುವ ಒಂದು ಚಿಕಿತ್ಸೆಗಾಗಿ ಒಡೆದ ಚರ್ಮದ ಮೇಲೆ ಗಟ್ಟಿ ಚಿಪ್ಪನ್ನು ಬಿಗಿಯುವುದು ನನಗೆ ನ್ಯಾಯವಾಗಿ ಕಾಣದು. ಚರ್ಮ ಮಾಗಲಿ, ಆಮೇಲೆ ತೊಡಿಸಬಹುದು. ಬಿಟ್ಟ ದಿನಗಳಲ್ಲಿ ತಲೆ ಬೆಳೆದಿರುತ್ತದಾದ್ದರಿಂದ ತೊಡಿಸುವ ಮುನ್ನ ಅಳತೆಯನ್ನು ಮತ್ತೆ ನೋಡಿಸಬೇಕು.

ಇದಕ್ಕೆ ಒಂದು ಅಪವಾದವುಂಟು. ಕೆಲವು ಕೂಸುಗಳಲ್ಲಿ ತಲೆಯೋಡಿನ ಹೊಲಿಗೆಗಳು ಅಕಾಲದಲ್ಲಿ ಬೆಸೆದುಕೊಂಡಿರುತ್ತವೆ. ಅವಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ಅನಂತರ ತಲೆಗೆ ಆಕಾರ ಬರಲೆಂದು ಹೆಲ್ಮೆಟ್ಟು ತೊಡಿಸುವುದುಂಟು. ಅಲ್ಲಿ ಹೆಲ್ಮೆಟ್ಟು ಚಿಕಿತ್ಸೆಯ ಅರ್ಧಭಾಗ. ಅಂಥ ಕೂಸಿಗೆ ಗಂಧೆ ಎದ್ದರೆ ಅಂದೇ ಶಸ್ತ್ರವೈದ್ಯರನ್ನು ಕೇಳಿ, ಎಷ್ಟು ಹೊತ್ತು ಬಿಡಬಹುದೆಂಬುದನ್ನು ಅವರ ಬಾಯಿಂದಲೇ ತಿಳಿಯಬೇಕು.

ಕೊನೆಯದಾಗಿ, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನೇ ಬಿಡಬೇಕೆ ಎಂದು ಕೇಳುವವರಿಗೆ: ಬೇಡ. ಕತ್ತಿನ ಕೆಳಗೆ ಧಾರಾಳವಾಗಿ ಹಚ್ಚಿ ನೀವಿ, ಎರೆಯಿರಿ. ಎರೆದ ಮೇಲೆ ಕೈಗಳನ್ನು ಸೋಪಿನಿಂದ ತೊಳೆದುಕೊಂಡು ಆಮೇಲೆ ಹೆಲ್ಮೆಟ್ಟನ್ನು ಮುಟ್ಟಿರಿ. ನೆತ್ತಿಯ ಪಾಲಿನ ಎಣ್ಣೆ ನಾಲ್ಕಾರು ತಿಂಗಳು ಬಟ್ಟಲಿನಲ್ಲೇ ಇರಲಿ.