ಪ್ರೋಟೀನ್ ಎಲ್ಲಿದೆ? ಲೇಸರ್‌ಗೂ ಮೊದಲಿನ ಕೆಲಸ

2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ ತಂದರು. ದೊಡ್ಡ ಸಾಧನೆ ಅದು! ಆದರೆ ಅಂಗಾಂಶ ಅರೆದು ಅಳೆದಾಗ, ಯಾವ ಪ್ರೋಟೀನ್ ಎಲ್ಲಿತ್ತು ಅನ್ನೋದು ಉಳಿಯಲ್ಲ.

ಆ ಜಾಗವನ್ನ ತೋರಿಸೋದು ಮಾಲ್ಡಿ ಇಮೇಜಿಂಗ್, ಅಂದರೆ ಅಂಗಾಂಶವನ್ನ ಅರೆಯದೆ ಲೇಸರ್‌ನಿಂದ ಓದುವ ವಿಧಾನ. ಅಲ್ಲಿ ತಯಾರಿಯೇ ಮುಖ್ಯ. ಅಂಗಾಂಶದ ತುಣುಕನ್ನ ತಡಮಾಡದೆ ದ್ರವ ಸಾರಜನಕದ ಚಳಿಯಲ್ಲಿ ಹೆಪ್ಪುಗಟ್ಟಿಸಬೇಕು. ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಸುಮಾರು 10 ಮೈಕ್ರಾನ್ ಪದರ ಕತ್ತರಿಸಿ, ವಿದ್ಯುತ್ ಹರಿಯುವ ಲೇಪನದ ಗಾಜಿನ ಮೇಲೆ ಕೂರಿಸಬೇಕು. ಕೊಬ್ಬು, ಉಪ್ಪನ್ನ ಆಲ್ಕೋಹಾಲಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಅವು ಪ್ರೋಟೀನ್ ಸುಳಿವನ್ನೇ ಮುಚ್ಚಿಬಿಡ್ತವೆ.

ಆಮೇಲೆ ಪ್ರೋಟೀನ್ ಜೊತೆ ಹರಳು ಕಟ್ಟುವ ಸಿನಾಪಿನಿಕ್ ಆಮ್ಲದ ಸಿಂಪಡಣೆ, ಇಬ್ಬನಿಯಷ್ಟು ನವಿರಾಗಿ. ಹೆಚ್ಚು ತೊಯ್ದರೆ ಪ್ರೋಟೀನ್ ಜಾಗ ಬಿಟ್ಟು ಹರಿಯುತ್ತೆ. ತೀರಾ ಒಣಗಿದ್ದರೆ ಹೊರಗೇ ಬರಲ್ಲ. ಹರಳು ಕಟ್ಟಿದ ಮೇಲೆ ಲೇಸರ್ ಚುಕ್ಕೆ ಚುಕ್ಕೆಯಾಗಿ ಓದುತ್ತೆ.