ಮೂತ್ರಪಿಂಡದ ಬೇನೆಯೂ ಮೈಯ ಕಸುವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ನಮ್ಮ ಮನೆಗಳಲ್ಲಿ ಹಿರಿಯರೊಬ್ಬರಿಗೆ ಮೂತ್ರಪಿಂಡದ ಬೇನೆ ಇದೆಯೆಂದು ತಿಳಿದ ದಿನದಿಂದ ಮಾತೆಲ್ಲ ಒಂದೇ ಅಂಕಿಯ ಸುತ್ತ ತಿರುಗತೊಡಗುತ್ತದೆ: ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟು? ಅದು ಏರಿದರೆ ಮನೆಯವರ ಮುಖ ಬಾಡುತ್ತದೆ, ಇಳಿದರೆ ಅರಳುತ್ತದೆ. ಅದೇ ಹೊತ್ತಿಗೆ ಲಿಂಗಪೂಜೆಗೆ ಕುಳಿತ ಮುತ್ಯಾ ಗೋಡೆ ಹಿಡಿಯದೆ ಏಳಲಾರದವರಾಗಿರುವುದನ್ನೂ, ಹೊಲಕ್ಕೆ ಹೋಗುತ್ತಿದ್ದವರು ಕಟ್ಟೆಯವರೆಗೆ ಮಾತ್ರ ಹೋಗಿ ಮರಳುತ್ತಿರುವುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ವಯಸ್ಸಾಯಿತು' ಎಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಗುತ್ತದೆ.

ವೈದ್ಯಶಾಸ್ತ್ರವು ಇಂದು ಇದನ್ನು ಬೇರೆಯೇ ಒಂದು ಸಮಸ್ಯೆಯೆಂದು ಪರಿಗಣಿಸುತ್ತದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ 'ಫ್ರೇಲ್ಟಿ' ಎಂದು ಹೆಸರು, ನಾವು ನಿತ್ರಾಣವೆನ್ನೋಣ. ಮೈಯಲ್ಲಿ ಕೂಡಿಟ್ಟ ಕಸುವೆಲ್ಲ ಬರಿದಾಗಿ, ಒಂದು ಸಣ್ಣ ಜ್ವರವೋ ಜಾರಿ ಬಿದ್ದ ಪೆಟ್ಟೋ ಮನುಷ್ಯನನ್ನು ಹಾಸಿಗೆ ಹಿಡಿಸುವ ಸ್ಥಿತಿಯಿದು. ಅಮೆರಿಕೆಯ ವೈದ್ಯೆ ಲಿಂಡಾ ಫ್ರೀಡ್ ಹಾಗೂ ಅವರ ಸಂಗಡಿಗರು 2001ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ಹೇಳಿದರು: ಬಯಸದೆಯೇ ತೂಕ ಇಳಿಯುವುದು, ಸದಾ ದಣಿವು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು. ಮೂರು ಅಥವಾ ಹೆಚ್ಚು ಕಂಡರೆ ನಿತ್ರಾಣ. ಒಂದೆರಡು ಕಂಡರೆ ಅದರ ಹೊಸ್ತಿಲು. 2007ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಅಧ್ಯಯನವು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ಇಂಥವರೆಂದು ಕಂಡುಕೊಂಡಿತು. ಅವರಲ್ಲಿ 40 ದಾಟದವರೂ ಹಲವರಿದ್ದರು. ಹಾಗಿರುವಾಗ ದೋಷವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವುದು ಹೇಗೆ?

ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಹುಳಿಯಂಶ ಹೆಚ್ಚಿ ಸ್ನಾಯುವನ್ನು ಕರಗಿಸುತ್ತದೆ. ಕೆಂಪುರಕ್ತ ಹುಟ್ಟಿಸಲು ಮೂತ್ರಪಿಂಡವೇ ಒದಗಿಸುವ ಎರಿಥ್ರೊಪೊಯೆಟಿನ್ ಎಂಬ ರಸ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಬಾಯಿ ಕೆಟ್ಟು ರೊಟ್ಟಿ ಒಲ್ಲೆನಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಹಳೆಯ ಪ್ರಮಾಣದ ಔಷಧವೇ ಸಕ್ಕರೆಯನ್ನು ತೀರ ಇಳಿಸಿ ಕಾಲು ನಡುಗಿಸಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಉಂಟು. ಆದರೆ ಕೇಳುವವರಿದ್ದರೆ ತಾನೆ!

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮೈ ಸೊರಗಿ ಸ್ನಾಯು ಕರಗಿದರೆ ಅದೂ ಕಡಿಮೆ ಹುಟ್ಟುತ್ತದೆ. ಆಗ ಮೂತ್ರಪಿಂಡ ಒಂದಿಷ್ಟೂ ಸುಧಾರಿಸದೆ ಅಂಕಿ ಮಾತ್ರ ಇಳಿದು, ಮನೆಯವರು ಸಂತೋಷಪಡುವ ವಿಪರೀತವೂ ಸಂಭವಿಸುತ್ತದೆ. ಇಂಥವರಲ್ಲಿ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಹೆಚ್ಚು ನೆರವಾಗುತ್ತದೆ. ತಕ್ಕಡಿಯನ್ನೂ ಪೂರ್ತಿ ನಂಬುವಂತಿಲ್ಲ. ಮಾಂಸ ಕರಗಿದಷ್ಟು ನೀರು ತುಂಬಿಕೊಂಡರೆ ತೂಕ ಇದ್ದಲ್ಲೇ ಇರುತ್ತದೆ. ಕಾಲು ಬಾತಿದೆ, ತೋಳು ಸಣ್ಣಗಾಗಿದೆ ಎಂಬುದನ್ನು ಮೊದಲು ಕಾಣುವವಳು ಅಂಗಿ ತೊಡಿಸುವ ಸೊಸೆ ಅಥವಾ ಮಗಳೇ.

ಮನೆಯಲ್ಲಿಯೇ ನೋಡಬಹುದಾದ ಸರಳ ಕ್ರಮವೊಂದಿದೆ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯ ಮೇಲೆ ಹಿರಿಯರನ್ನು ಕೂಡಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಎದ್ದು ಕೂಡಲು ಹೇಳಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಾನದಂಡದಂತೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಸುವು ಕುಗ್ಗಿದೆಯೆಂದು ಶಂಕಿಸಬೇಕು. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ಹಾಗೆಯೇ. ಬಾವು ಇದ್ದಾಗ ಮಾತ್ರ ಈ ಅಳತೆ ಮೋಸ ಮಾಡೀತು. ಇವು ರೋಗನಿರ್ಣಯವಲ್ಲ, ವೈದ್ಯರಲ್ಲಿ ಹೇಳಲು ಒಂದು ಆಧಾರ. ನಮ್ಮಲ್ಲಿ ನೆಲದ ಮೇಲೆ ಕುಳಿತೇಳುವ ರೂಢಿಯಿರುವುದರಿಂದ ಕುರ್ಚಿಯೂ ಬೇಕೆನಿಸದು: ಕಳೆದ ಬಸವ ಜಯಂತಿಗೆ ಹೇಗೆ ಏಳುತ್ತಿದ್ದರು, ಈಗ ಹೇಗೆ ಏಳುತ್ತಾರೆ ಎಂದು ನೆನಪಿಸಿಕೊಂಡರೆ ಅರ್ಧ ಉತ್ತರ ದೊರೆಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಮನೆಗಳು ಅತಿಯಾದ ಪಥ್ಯಕ್ಕೆ ಬೀಳುತ್ತವೆ. ತೊಗರಿಯ ಕಣಜವೆನಿಸಿದ ಈ ನಾಡಿನಲ್ಲಿ 'ಕಿಡ್ನಿ ಬೇನೆ' ಎಂದೊಡನೆ ಬೇಳೆಯನ್ನು ತಟ್ಟೆಯಿಂದ ಪೂರ್ತಿ ತೆಗೆದುಬಿಡುತ್ತಾರೆ. ಮಾಂಸಾಹಾರವಿಲ್ಲದ ಮನೆಯಲ್ಲಿ ಬೇಳೆಯೂ ಹೋದ ಮೇಲೆ ಮೈಗೆ ಸಾರ ಎಲ್ಲಿಂದ ಬರಬೇಕು? ಡಯಾಲಿಸಿಸ್ ಇಲ್ಲದ ರೋಗಿಗೆ ದಿನಕ್ಕೆ ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನು ಸಾಮಾನ್ಯ ಸಲಹೆ. ಎಂದರೆ 50 ಕಿಲೋ ತೂಕದವರಿಗೆ 40 ಗ್ರಾಂ. ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22, ಅಷ್ಟೇ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಎರಡು ರೊಟ್ಟಿಗೆ ಇಳಿದ, ಬೇಳೆ ಬಿಟ್ಟ ಹಿರಿಯರು 40ರ ಹತ್ತಿರಕ್ಕೂ ಬರಲಾರರು. ನಿತ್ರಾಣರಾದ ವೃದ್ಧರಿಗೆ ಪ್ರೋಟೀನು, ಕ್ಯಾಲೊರಿ ಎರಡನ್ನೂ ಹೆಚ್ಚಿಸುವುದನ್ನು ಯೋಚಿಸಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಪೊಟ್ಯಾಸಿಯಂ, ರಂಜಕದ ಲೆಕ್ಕ ವೈದ್ಯರದು. ಅವರನ್ನು ಕೇಳದೆ ಬೇಳೆ ಬಿಡಿಸುವುದೂ ಬೇಡ, ಕೇಳದೆ ಹೆಚ್ಚಿಸುವುದೂ ಬೇಡ. ಕಲ್ಲಿನ ಖಣಿಯಲ್ಲಿ, ಹೊಲದಲ್ಲಿ ದುಡಿದ ಮೊಣಕಾಲಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ಮಾತ್ರ ಮೂತ್ರಪಿಂಡಕ್ಕೆ ವೈರಿಗಳೇ ಸರಿ.

ಡಯಾಲಿಸಿಸ್‌ನ ಪ್ರಶ್ನೆ ಬಂದಾಗಲಂತೂ ಈ ತಪಾಸಣೆಯ ಬೆಲೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ತಾಸು ಯಂತ್ರದ ಮಗ್ಗುಲಲ್ಲಿ ಮಲಗಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರ ಖರ್ಚಿನ ಭಾರ ಇಳಿದಿದೆ. ದಾರಿಯ ದಣಿವು ಇಳಿದಿಲ್ಲ. ಕಲಬುರಗಿಗೇ ಹೋಗಬೇಕಾದಾಗ ವಾಡಿ, ಶಹಾಬಾದ, ಸೇಡಂ, ಚಿತ್ತಾಪುರಗಳಿಗೆ ರೈಲಾದರೂ ಉಂಟು. ಚಿಂಚೋಳಿಯವರಿಗೆ ರಸ್ತೆಯೊಂದೇ ಗತಿ. ಬೇಸಿಗೆಯ ಉರಿಯಲ್ಲಿ ನಿತ್ರಾಣಿಯೊಬ್ಬರನ್ನು ಹೀಗೆ ಕರೆದೊಯ್ಯುವ ಮುನ್ನ ಅವರ ಮೈಯ ಬಲವೆಷ್ಟು, ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಸಾಧ್ಯವೇ, ಯಂತ್ರವಿಲ್ಲದೆ ಔಷಧ ಪಥ್ಯಗಳಿಂದಲೇ ನೆಮ್ಮದಿಯಾಗಿರಿಸುವ ಆರೈಕೆ ಮೇಲೇ ಎಂಬುದನ್ನು ತಜ್ಞರಲ್ಲಿ ಬಿಚ್ಚಿ ಕೇಳಬೇಕು. ಆ ಮಾತುಕತೆಗೆ ಹಿರಿಯರನ್ನೂ ಕೂಡಿಸಿಕೊಳ್ಳಿ. ಮುಂದಿನ ಸಲ ಕ್ರಿಯಾಟಿನಿನ್ ಚೀಟಿ ಹಿಡಿದು ಹೋಗುವಾಗ, ಅದರ ಹಿಂಬದಿಯಲ್ಲಿ ಐದು ಸಲ ಎದ್ದು ಕೂಡಲು ಹಿಡಿದ ಸೆಕೆಂಡುಗಳನ್ನೂ, ಈ ವರ್ಷ ಎಷ್ಟು ಸಲ ಬಿದ್ದರೆಂಬುದನ್ನೂ ಬರೆದುಕೊಂಡು ಹೋಗಬಹುದು.