ಗುರು ಮಲ್ಲೇಶ್ವರದಲ್ಲಿ, ಶ್ರುತಿ ಕ್ಯಾಲಿಫೋರ್ನಿಯಾದಲ್ಲಿ

ಮಲ್ಲೇಶ್ವರ, ಬಸವನಗುಡಿ, ಜಯನಗರ, ಇತ್ತ ಮೈಸೂರು: ಇಲ್ಲಿನ ಎಷ್ಟೋ ಸಂಗೀತದ ಮೇಷ್ಟ್ರು, ಮೇಡಂಗಳ ಪಾಠ ಈಗ ಬೆಳಗಿನ ಐದೂವರೆಗೇ ಶುರು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ ಐದು ಗಂಟೆ. ಶಾಲೆಯಿಂದ ಬಂದ ಮಕ್ಕಳು ತಿಂಡಿ ತಿಂದು ಲ್ಯಾಪ್‌ಟಾಪಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿರುತ್ತಾರೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ, ಮಲ್ಲೇಶ್ವರದ ಪಾಠವೂ ಐದೂವರೆಯಿಂದ ಆರೂವರೆಗೆ ಜರುಗುತ್ತದೆ.

ದೂರದಿಂದ ಸಂಗೀತ ಕಲಿಯುವುದು ನಮಗೆ ಹೊಸದಲ್ಲ. ಆಕಾಶವಾಣಿಯ ಸಂಗೀತ ಪಾಠದ ಹೊತ್ತಿಗೆ ನೋಟ್‌ಬುಕ್ ಹಿಡಿದು ರೇಡಿಯೊ ಪಕ್ಕ ಕೂರುತ್ತಿದ್ದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಅಲ್ಲಿ ಶಿಷ್ಯರ ಅಪಸ್ವರ ಗುರುಗಳಿಗೆ ಕೇಳಿಸುತ್ತಿರಲಿಲ್ಲ. ಆ ಕೊರತೆ ನೀಗಿದ್ದು 2003ರಲ್ಲಿ ಸ್ಕೈಪ್ ಬಂದ ಮೇಲೆ. ವಿದೇಶಕ್ಕೆ ಹೋದ ಶಿಷ್ಯರನ್ನು ಅದು ಗುರುಗಳಿಗೆ ಮರಳಿ ಕೊಟ್ಟಿತು. 2020ರ ಮಾರ್ಚ್ 25ರಿಂದ ಇಡೀ ದೇಶ ಮನೆಯೊಳಗೆ ಉಳಿದಾಗಲಂತೂ ಪಕ್ಕದ ಬೀದಿಯ ಮಕ್ಕಳಿಗೂ ಜೂಮ್‌ನಲ್ಲೇ ಪಾಠ. ಕಛೇರಿ, ಮದುವೆ, ಆರಾಧನೆ ಎಲ್ಲ ನಿಂತಿದ್ದ ಆ ತಿಂಗಳುಗಳಲ್ಲಿ ಎಷ್ಟೋ ಕಲಾವಿದರ ಸಂಸಾರ ನಡೆದದ್ದು ಈ ಪಾಠಗಳಿಂದ. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು, ಪಾಠ ನಿಲ್ಲಲಿಲ್ಲ.

ಈ ಪಾಠದ ದೊಡ್ಡ ತೊಡಕು ಲಯದ್ದು. ಗುರು ತಾಳ ಹಾಕುತ್ತಾ ಹಾಡುವುದು, ಶಿಷ್ಯರು ದನಿಗೂಡಿಸುವುದು, ಸರಳೆ ವರಸೆಯಿಂದ ಪಲ್ಲವಿಯವರೆಗೆ ನಮ್ಮ ಪಾಠ ನಡೆದುಬಂದದ್ದು ಹೀಗೆ. ಆದರೆ ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡಿಗಿಂತ ತಡವಾಗಿ ಮುಟ್ಟಿದರೆ ಜತೆಯಾಗಿ ಹಾಡುವುದು ಕಷ್ಟ, ಲಯ ಎಳೆಯತೊಡಗುತ್ತದೆ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಹತ್ತಿರಹತ್ತಿರ 14,000 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಓಡುವುದು ಸುಮಾರು ಎರಡು ಲಕ್ಷ ಕಿ.ಮೀ. ನೆಟ್ಟಗೆ ಕೇಬಲ್ ಎಳೆದಿದ್ದರೂ ದನಿ ಹೋಗಿ ಬರಲು 140 ಮಿಲಿಸೆಕೆಂಡ್ ಹಿಡಿಯುತ್ತದೆ. ಮಾತುಕತೆಗೆಂದು ಮಾಡಿದ ಸಾಫ್ಟ್‌ವೇರ್ ತನ್ನ ಪಾಲಿನ ತಡವನ್ನು ಅದಕ್ಕೆ ಸೇರಿಸುತ್ತದೆ. ಎಷ್ಟೇ ದುಬಾರಿ ಇಂಟರ್ನೆಟ್ ಹಾಕಿಸಿದರೂ ಇದಕ್ಕೆ ಮದ್ದಿಲ್ಲ. ಶಿಷ್ಯೆ ತಾಳಕ್ಕೆ ಸರಿಯಾಗಿಯೇ ಹಾಡಿದ್ದರೂ ಗುರುಗಳ ಕಿವಿಗೆ ಅದು ಹಿಂದೆ ಬಿದ್ದೇ ಕೇಳುತ್ತದೆ.

ಹಾಗಾಗಿ ನುರಿತ ಗುರುಗಳು ಪಾಠದ ರೀತಿಯನ್ನೇ ಬದಲಿಸಿಕೊಂಡರು. ಶ್ರುತಿ, ತಾಳ ಎರಡೂ ಶಿಷ್ಯರ ಕಡೆಗೆ ಹೋದವು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಗೆ ಬಂದು ದಶಕಗಳೇ ಆಗಿವೆ. ಈಗ ಮೊಬೈಲ್‌ನಲ್ಲೇ ತಂಬೂರಿ ಸಿಗುತ್ತದೆ. ಗುರು ಒಂದು ಆವರ್ತ ಹಾಡಿ ನಿಲ್ಲಿಸುತ್ತಾರೆ. ಶಿಷ್ಯರು ತಮ್ಮ ಶ್ರುತಿಗೆ, ತಮ್ಮ ಕೈಯ ತಾಳಕ್ಕೆ ಅದನ್ನು ಒಬ್ಬರೇ ಹಾಡಬೇಕು. ಎದುರುಬದುರು ಕೂತಾಗ ಗುರುವಿನ ದನಿಯ ಮರೆಯಲ್ಲಿ ಸಾಗಿಬಿಡುತ್ತಿದ್ದ ಮಕ್ಕಳಿಗೆ ಇಲ್ಲಿ ಆ ಆಸರೆಯಿಲ್ಲ. ಈ ಪದ್ಧತಿಯಿಂದ ಆದ ದೊಡ್ಡ ಲಾಭ ಇದೇ ಎಂಬುದು ನನ್ನ ಅನಿಸಿಕೆ: ಶಿಷ್ಯರು ಸ್ವಂತ ಕಾಲ ಮೇಲೆ ನಿಲ್ಲುತ್ತಾರೆ, ಗುರುಗಳು ಇನ್ನಷ್ಟು ಕಿವಿಗೊಟ್ಟು ಕೇಳುತ್ತಾರೆ.

ಇನ್ನೊಂದು ಕಾಟವೂ ಇದೆ. ಜೂಮ್‌ನಂಥ ಸಾಫ್ಟ್‌ವೇರ್‌ಗೆ ಬೇಕಾದದ್ದು ಮಾತು ಮಾತ್ರ. ಒಂದೇ ಸಮನೆ ಮೊರೆಯುವ ತಂಬೂರಿಯನ್ನು ಫ್ಯಾನಿನ ಸದ್ದೆಂದು ಅದು ಒರೆಸಿಹಾಕುತ್ತದೆ, ದೀರ್ಘವಾಗಿ ನಿಲ್ಲಿಸಿದ ಷಡ್ಜವನ್ನೂ ಕೆಲವೊಮ್ಮೆ ನುಂಗುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಒತ್ತಿದರೆ ಅರ್ಧ ತೊಂದರೆ ಕಳೆಯಿತು. ವೀಣೆಗೆ ಕ್ಯಾಮೆರಾ ಎಡಗೈ ಮೇಲಿರಬೇಕು. ತಂತಿಯನ್ನು ಎಷ್ಟು ಎಳೆದರು ಎಂಬುದು ಕಾಣದಿದ್ದರೆ ಗಮಕ ತಿದ್ದುವುದು ಹೇಗೆ? ಮೃದಂಗದ ಎಡಗೈ ನಾದ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುವುದೇ ಕಡಿಮೆ, ಅದಕ್ಕೆ ಒಳ್ಳೆಯ ಹೆಡ್‌ಫೋನ್ ಬೇಕು.

ಪಾಠದ ಅರ್ಧ ಕೆಲಸ ವಾಟ್ಸ್ಆ್ಯಪ್‌ನಲ್ಲಿ ನಡೆಯುತ್ತದೆ. ವಾರದ ಅಭ್ಯಾಸವನ್ನು ಮಕ್ಕಳು ರೆಕಾರ್ಡ್ ಮಾಡಿ ಕಳಿಸುತ್ತಾರೆ. ರಾತ್ರಿ ಬಿಡುವಾದಾಗ ಗುರುಗಳು ಕೇಳಿ, “ಚರಣದ ಎರಡನೇ ಸಂಗತಿ ಮತ್ತೆ ಹಾಡು ಪುಟ್ಟಾ, ತೋಡಿಯ ಗಾಂಧಾರ ಅಲುಗಬೇಕು” ಎಂದು ತಾವೇ ಹಾಡಿ ತೋರಿಸಿ ದನಿ ಕಳಿಸುತ್ತಾರೆ. ಆ ತುಣುಕು ಮಗುವಿನ ಬಳಿ ಉಳಿಯುತ್ತದೆ, ನೂರು ಸಲ ಕೇಳಬಹುದು. ಕೊರೊನಾ ಕಾಲದ ಆರಾಧನೆಗಳಲ್ಲಿ ಗೋಷ್ಠಿ ಗಾಯನ ಆಗದೆ ಹೋದಾಗ, ಒಂದೇ ಶ್ರುತಿ-ತಾಳವನ್ನು ಕಿವಿಗೆ ಹಾಕಿಕೊಂಡು ತಂತಮ್ಮ ಮನೆಯಲ್ಲಿ ಹಾಡಿ, ಆಮೇಲೆ ಎಲ್ಲ ದನಿಗಳನ್ನೂ ಜೋಡಿಸಿದ ಶಿಷ್ಯಬಳಗಗಳೂ ಉಂಟು. ಹಾಡಿಗಿಂತ ಮೊದಲು “ಮನೇಲಿ ಎಲ್ಲ ಆರೋಗ್ಯವೇ?” ಎಂದು ಕೇಳಿದ ಗುರುಗಳನ್ನು ಆ ಮಕ್ಕಳು ಮರೆಯಲಾರರು.

ಆದರೂ ಐದಾರು ವರ್ಷದ ಮಗುವಿನ ಮೊದಲ ಪಾಠಕ್ಕೆ ಇದು ತಕ್ಕದ್ದಲ್ಲ. ಬಾಯಿ ಬಿಡುವುದು, ಉಸಿರು, ಶ್ರುತಿಗೆ ದನಿ ಸೇರಿಸುವುದು, ಇವು ಎದುರು ಕೂತೇ ಬರಬೇಕು. ಇಪ್ಪತ್ತು ಮಕ್ಕಳನ್ನು ಮ್ಯೂಟ್ ಮಾಡಿ ನಡೆಸುವ ತರಗತಿಯಲ್ಲಿ ಗುರುಗಳಿಗೆ ಯಾರ ದನಿಯೂ ಕೇಳುವುದಿಲ್ಲ. ಅದನ್ನು ನಾನು ಪಾಠವೆಂದು ಒಪ್ಪಲಾರೆ. ಮಕ್ಕಳನ್ನು ಸೇರಿಸುವ ಮುನ್ನ, ಪ್ರತಿ ಮಗುವಿನ ಹಾಡನ್ನೂ ಗುರುಗಳು ಪ್ರತ್ಯೇಕವಾಗಿ ಕೇಳುತ್ತಾರೆಯೇ ಎಂದು ತಂದೆತಾಯಿ ವಿಚಾರಿಸಿಕೊಳ್ಳಲಿ. ವಿದೇಶದಲ್ಲಿರುವವರು ರಜೆಗೆ ಊರಿಗೆ ಬಂದಾಗ ಮಗುವನ್ನು ಗುರುಗಳ ಮನೆಗೆ ಕರೆದುಕೊಂಡು ಹೋಗಿ, ಹತ್ತು ದಿನವಾದರೂ ಅವರ ಜತೆಯಲ್ಲಿ ಹಾಡಲು ಬಿಡಿ.